ಕೆಟ್ಟುವಳ್ಳದ ತಳ

ಕೇಳುಗರಿಗೆ ನಮಸ್ಕಾರ.

ಆಲಪ್ಪುಳದ ಹಿನ್ನೀರಿನಲ್ಲಿ ಎರಡು ಕೋಣೆಯ ಹೌಸ್‌ಬೋಟ್ ನಡೆಸಲು ಹೊರಟವರು ಮೊದಲು ನೋಡುವುದು ಮಂಚ, ಪರದೆ, ಎ.ಸಿ. ನೋಡಬೇಕಾದ್ದು ನೆಲದ ಹಲಗೆ ಎತ್ತಿದರೆ ಕಾಣುವ ತಳ.

ಮಲಯಾಳದಲ್ಲಿ ವಳ್ಳ ಎಂದರೆ ದೋಣಿ. ಕೆಟ್ಟುವಳ್ಳ ಎಂದರೆ ಕಟ್ಟಿದ ದೋಣಿ; ಇಲ್ಲಿನ ಹೌಸ್‌ಬೋಟಿನ ಒಡಲು ಇದೇ. ಕುಟ್ಟನಾಡಿನ ಅಕ್ಕಿ ಕೊಚ್ಚಿಗೆ ಹೋಗುತ್ತಿದ್ದುದು ಇದರಲ್ಲೇ. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದಿಗೆ ನಾರು ತುರುಕಿ, ಗೇರೆಣ್ಣೆ ಬಳಿಯುತ್ತಾರೆ. ಇಂಥ ದೋಣಿ ಸ್ವಲ್ಪ ಒಸರುವುದು ಸಹಜ. ಒಸರು ದಿನದಿಂದ ದಿನಕ್ಕೆ ಹೆಚ್ಚಿದರೆ ಹೊಲಿಗೆ ಸಡಿಲಾಗಿದೆ, ಇಲ್ಲವೇ ಹುಳು ಮರ ಕೊರೆದಿದೆ ಎಂದರ್ಥ. ತಳದಲ್ಲಿ ಅಳತೆಕಡ್ಡಿ ನಿಲ್ಲಿಸಿ, ಬೆಳಿಗ್ಗೆ ಸಂಜೆ ನೀರಿನ ಮಟ್ಟ ಬರೆದಿಡಿ. ತಾನಾಗಿ ಓಡುವ ಪಂಪು ಇದ್ದರೆ ಎಷ್ಟು ಸಲ ಓಡಿತೆಂದೂ ಬರೆಯಿರಿ. ಇಲ್ಲದಿದ್ದರೆ ಪಂಪೇ ಸೋರಿಕೆಯನ್ನು ಮುಚ್ಚಿಡುತ್ತದೆ. ಬ್ಯಾಟರಿ ಇಳಿದ ರಾತ್ರಿ ನೀರು ಒಮ್ಮೆಗೇ ಏರುತ್ತದೆ.

ಅಡುಗೆ ಅನಿಲ ಗಾಳಿಗಿಂತ ಭಾರ. ಕೊಳವೆ ಸೋರಿದರೆ ಅದು ಇಳಿದು ಇದೇ ತಳದಲ್ಲಿ ಮಡುಗಟ್ಟುತ್ತದೆ, ಪಂಪಿನ ಒಂದು ಕಿಡಿ ಸಾಕು. ಬಿದಿರು, ಚಾಪೆಯ ಮಾಡು ಹೊತ್ತಿಕೊಂಡರೆ ಆರಿಸಲು ಸಮಯವೇ ಸಿಗದು. ಸಿಲಿಂಡರನ್ನು ಹೊರಗಡೆ, ಗಾಳಿಯಾಡುವಲ್ಲಿ ಇಡಿ. ಕೆಲಸ ಮುಗಿದೊಡನೆ ಅದರ ಬಾಯನ್ನೇ ಮುಚ್ಚಿ.

ಇನ್ನು ಭಾರ. ನಾಲ್ವರು ಅತಿಥಿಗಳು, ಮೂವರು ಸಿಬ್ಬಂದಿ. ತಲೆಗೆ 100 ಲೀಟರಿನಂತೆ 700 ಲೀಟರ್ ನೀರು, ಅಂದರೆ 700 ಕಿಲೊ. ಈ ತೊಟ್ಟಿಯನ್ನು ಮಾಡಿನ ಮೇಲೇರಿಸಿದರೆ ದೋಣಿ ತೂಗಾಡುತ್ತದೆ. ಕೆಳಗಿಟ್ಟು ಸಣ್ಣ ಪಂಪಿನಿಂದ ಮೇಲೆತ್ತುವುದೇ ಸರಿ.

ಒಂದೂವರೆ ಟನ್ನಿನ ಎ.ಸಿ. ಸುಮಾರು ಒಂದೂವರೆ ಕಿಲೊವ್ಯಾಟ್ ಎಳೆಯುತ್ತದೆ, ಹಳೆಯ ಬಗೆಯದಾದರೆ ಶುರುವಾಗುವ ಕ್ಷಣ ಅದರ ಹಲವು ಪಟ್ಟು. ಎರಡೂ ಕೋಣೆಯ ಎ.ಸಿ.ಯನ್ನು ಒಟ್ಟಿಗೆ ಹಾಕಿದರೆ ಜನರೇಟರ್ ಉಸಿರುಗಟ್ಟಿ ನಿಲ್ಲಬಹುದು. ಅನೇಕ ದೋಣಿಗಳಲ್ಲಿ ಎ.ಸಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮಾತ್ರ. ಇದನ್ನು ಮುಂಗಡ ತೆಗೆದುಕೊಳ್ಳುವಾಗಲೇ ಹೇಳಿಬಿಡಿ.

ಈ ಹಿನ್ನೀರಿನ ವೇಂಬನಾಡು ಸರೋವರ 2002ರಿಂದ ರಾಮ್‌ಸರ್ ಜೌಗುಪ್ರದೇಶ, ಅಂದರೆ ಅಂತರರಾಷ್ಟ್ರೀಯ ಒಪ್ಪಂದದಡಿ ಕಾಪಾಡಬೇಕಾದ ತಾಣ. ಪಕ್ಕದ ಮನೆಯವರು ಪಾತ್ರೆ ತೊಳೆಯುವ ನೀರಿಗೆ ನಮ್ಮ ಶೌಚ ಸೇರಬಾರದು. ಜೈವಿಕ ಶೌಚಾಲಯಕ್ಕೆ ಫಿನಾಯಿಲ್, ಬ್ಲೀಚಿಂಗ್ ಪುಡಿ ಸುರಿದರೆ ಮಲವನ್ನು ಕರಗಿಸುವ ಜೀವಾಣುಗಳೇ ಸಾಯುತ್ತವೆ, ಎರಡೇ ದಿನದಲ್ಲಿ ನಾರುತ್ತದೆ.

ಅಂತರಗಂಗೆ ದಟ್ಟವಾಗಿರುವ ಕಾಲುವೆಯಲ್ಲಿ ಎಂಜಿನ್ನಿನ ಶಾಖದ ಮುಳ್ಳಿನ ಮೇಲೆ ಕಣ್ಣಿರಲಿ. ಈ ಕಳೆ, ಎಂಜಿನ್ ತಂಪಿಗೆ ನೀರೆಳೆಯುವ ಬಾಯಿಗೆ ಸಿಕ್ಕಿದರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ದೋಣಿ ತಳ್ಳುವ ಪ್ರೊಪೆಲರ್‌ಗೆ ಸುತ್ತಿದರೆ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಬಿಡಿಸಬೇಕು, ಬಿಡದಿದ್ದರೆ ಎಂಜಿನ್ ನಿಲ್ಲಿಸಿಯೇ ನೀರಿಗಿಳಿಯಬೇಕು. ಸಂಜೆ ಐದೂವರೆಗೆ ದಡ ಸೇರಿ ಹಗ್ಗ ಕಟ್ಟಿ. ಆಮೇಲೆ ಆ ನೀರು ಬಲೆ ಹಾಕುವ ಮೀನುಗಾರರದು.