ಕಾರ್ಟೂನ್ ಬ್ಯಾಂಡಿಗೆ ಕಾರು ಯಾಕೆ ಬೇಕಿತ್ತು?

[ತೆರೆಯ ಮೇಲೆ: ಟಾಪ್ ಇಲ್ಲದ ಹಳೇ ಕಾರು, ಒಳಗೆ ಒತ್ತಿಕೊಂಡು ಕೂತ ಹುಡುಗ ಹುಡುಗಿಯರು]

ನಮಸ್ಕಾರ. ಈ ಕಾರಿನಲ್ಲಿ ಏನೋ ಒಂದು ಕಾಣೆಯಾಗಿದೆ. ಕಂಡುಹಿಡೀತೀರಾ? ಇವರು ಒಂದು ಬ್ಯಾಂಡ್. ಹಾಗಾದರೆ ಡ್ರಮ್ ಸೆಟ್ ಎಲ್ಲಿ? ಗಿಟಾರ್ ಎಲ್ಲಿ? ಐದು ಜನ ಹತ್ತಿದ ಮೇಲೆ ಈ ಡಕೋಟಾದಲ್ಲಿ ಒಂದು ಟಿಫನ್ ಬಾಕ್ಸ್ ಇಡೋಕೂ ಜಾಗ ಇಲ್ಲ. ಅಂದರೆ ಕಾರು ಇರುವುದು ಸಾಮಾನು ಹೊರೋಕಲ್ಲ.

ಇದು 'ದಿ ಆರ್ಚಿ ಶೋ'. 1968ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಿಬಿಎಸ್ ಚಾನೆಲ್ಲಿನಲ್ಲಿ ಶುರುವಾಯಿತು. ಶನಿವಾರ ಬೆಳಿಗ್ಗೆ, ಮಕ್ಕಳ ಹೊತ್ತು. ಮಾಡಿದ್ದು ಫಿಲ್ಮೇಷನ್ ಸ್ಟುಡಿಯೋ. ಸಂಗೀತದ ಉಸ್ತುವಾರಿ ಡಾನ್ ಕಿರ್ಶ್ನರ್ ಅವರದ್ದು. ಅವರು ಅದಕ್ಕೆ ಮೊದಲು 'ದಿ ಮಂಕೀಸ್' ಬ್ಯಾಂಡಿನ ಜೊತೆ ಜಗಳವಾಗಿ ಹೊರಬಂದವರು. ಕಾರ್ಟೂನ್ ಹುಡುಗರಾದರೆ ಎದುರು ಮಾತಾಡಲ್ಲ ಅಲ್ವಾ! ಹಾಡಿದ್ದು ರಾನ್ ಡಾಂಟೆ ಎಂಬ ಸ್ಟುಡಿಯೋ ಗಾಯಕ. ಇದೇ ಬ್ಯಾಂಡಿನ 'ಶುಗರ್, ಶುಗರ್' 1969ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಇಲ್ಲದ ಬ್ಯಾಂಡ್, ಇರುವ ಹಿಟ್ ಹಾಡು.

ಸರಿ, ಕಾರಿಗೆ ಬರೋಣ.

[ತೆರೆಯ ಮೇಲೆ: ಐದು ಜನ ನಡೆದು ಬರುವ ಚಿತ್ರ, ಕಾಲುಗಳ ಮೇಲೆ ಕೆಂಪು ವೃತ್ತ]

ಆಗ ಪ್ರತಿ ಚಿತ್ರವನ್ನೂ ಪಾರದರ್ಶಕ ಹಾಳೆಯ ಮೇಲೆ ಕೈಯಲ್ಲೇ ಬಿಡಿಸಿ ಬಣ್ಣ ತುಂಬಬೇಕಿತ್ತು. ಆ ಹಾಳೆಗೆ ಸೆಲ್ ಅಂತ ಹೆಸರು. ಐದು ಜನ ನಡೆಯಬೇಕು ಅಂದರೆ ಹತ್ತು ಕಾಲು, ಹತ್ತು ಕೈ. ಪ್ರತಿ ಹೆಜ್ಜೆಗೂ ಹೊಸ ಹೊಸ ಚಿತ್ರ. ದುಡ್ಡೂ ಹೋಯಿತು, ಟೈಮೂ ಹೋಯಿತು.

ಈಗ ಅವರನ್ನೇ ಕಾರಿನಲ್ಲಿ ಕೂರಿಸಿ.

[ತೆರೆಯ ಮೇಲೆ: ಓಡುವ ಕಾರು, ನಿಧಾನಗತಿಯಲ್ಲಿ]

ಕಾಲುಗಳು ಮಾಯ! ಬಾಗಿಲ ಹಿಂದೆ ಅಡಗಿದವು. ಮೈ ಅಲ್ಲಾಡಬೇಕಾಗಿಲ್ಲ. ಮಾತಾಡುವವನ ಬಾಯಿಯೊಂದು ಆಡಿದರೆ ಸಾಕು. ಚಕ್ರಕ್ಕೆ ಎರಡು ಮೂರು ಚಿತ್ರ, ಅವೇ ತಿರುಗಿಸಿ ಮುರುಗಿಸಿ. ಇಡೀ ಸೆಲ್ಲನ್ನು ಒಂದು ಎಳ್ಳಷ್ಟು ಮೇಲೆ ಕೆಳಗೆ ಜರುಗಿಸಿದರೆ ರಸ್ತೆಯ ಹಳ್ಳ ರೆಡಿ. ಕಾರು ನಿಂತಲ್ಲೇ ನಿಂತಿರುತ್ತದೆ. ಓಡುವುದು ಅದರ ಹಿಂದಿನ ಊರು! ಉದ್ದನೆಯ ಒಂದು ಪಟ್ಟಿಯ ಮೇಲೆ ಮರ, ಮನೆ, ಬೇಲಿ ಬರೆದು ಕ್ಯಾಮೆರಾ ಕೆಳಗೆ ಎಳೆಯುತ್ತಾ ಹೋಗುತ್ತಾರೆ. ಪಟ್ಟಿ ಮುಗಿದರೆ ಮತ್ತೆ ಮೊದಲಿಂದ. ಹಳೇ ಕಾರ್ಟೂನ್ ಹಾಕಿಕೊಂಡು ಹಿಂದಿನ ಮರ ಎಣಿಸಿ ನೋಡಿ. ಅದೇ ಮರ, ಅದೇ ಮನೆ, ಅದೇ ಬೇಲಿ, ಮತ್ತೆ ಅದೇ ಮರ. ಒಂದು ಸಲ ಇದು ಕಣ್ಣಿಗೆ ಬಿತ್ತೋ, ಆಮೇಲೆ ಕಥೆ ತಲೆಗೆ ಹೋಗಲ್ಲ. ನನ್ನ ಗತಿ ಈಗ ಅದೇ.

1970ರ 'ಜೋಸಿ ಅಂಡ್ ದಿ ಪುಸ್ಸಿಕ್ಯಾಟ್ಸ್', ಅದೂ ಒಂದು ಬ್ಯಾಂಡಿನ ಕಾರ್ಟೂನೇ, ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕಳ್ಳರು ಅಟ್ಟಿಸಿಕೊಂಡು ಬರುವಾಗ ಹಿಂದೆ ಹಾಡು ಹಾಕಿಬಿಟ್ಟರು. ಹಾಡು ಓಡುತ್ತಿದ್ದರೆ ಯಾರೂ ಬಾಯಿ ಆಡಿಸಬೇಕಾಗಿಲ್ಲ. ಆ ಕೆಲಸವೂ ಉಳಿಯಿತು.

[ತೆರೆಯ ಮೇಲೆ: ಗುಲಾಬಿ ಕೂದಲಿನ ಗಾಯಕಿ]

ಹದಿನೈದು ವರ್ಷ ಮುಂದೆ ಬನ್ನಿ. 1985, 'ಜೆಮ್'. ಜೆಮ್ ಎಂಬ ಗಾಯಕಿಯ ಕಾರ್ಟೂನ್. ಇಲ್ಲಿ ಕಾರಿನ ಕೆಲಸವೇ ಬೇರೆ. 1984ರಲ್ಲಿ ಅಮೆರಿಕ ಸರ್ಕಾರ ಮಕ್ಕಳ ಟಿವಿ ಮೇಲಿದ್ದ ಜಾಹೀರಾತಿನ ನಿಯಮ ಸಡಿಲ ಮಾಡಿತ್ತು. ಆಟಿಕೆ ಕಂಪನಿಗಳು ಸುಮ್ನೆ ಕೂರುತ್ತವಾ? ಹ್ಯಾಸ್‌ಬ್ರೋ ಬೊಂಬೆಗಳನ್ನೂ ಕಾರ್ಟೂನನ್ನೂ ಒಟ್ಟಿಗೆ ತಂದಿತು. ವಿರೋಧಿ ಬ್ಯಾಂಡ್ 'ಮಿಸ್‌ಫಿಟ್ಸ್' ಗಿಟಾರ್ ಆಕಾರದ ಬೈಕುಗಳ ಮೇಲೆ ನುಗ್ಗಿಬರುತ್ತದೆ. ನಿಜ ಹೇಳಬೇಕೆಂದರೆ, ಇಡೀ ಸರಣಿಯಲ್ಲಿ ನನಗೆ ಇಷ್ಟವಾದ ಗಾಡಿ ಅದೇ. ಹೀರೋಯಿನ್ ಪಾಲಿಗೆ 'ರಾಕಿನ್ ರೋಡ್‌ಸ್ಟರ್' ಅನ್ನೋ ತೆರೆದ ಕಾರು.

ಆ ಕಾರು ಅಂಗಡಿಯಲ್ಲೂ ಸಿಗುತ್ತಿತ್ತು. ಜೆಮ್ ಬೊಂಬೆ ಹನ್ನೆರಡೂವರೆ ಇಂಚು, ಬಾರ್ಬಿ ಹನ್ನೊಂದೂವರೆ. ಬಾರ್ಬಿಯ ಬಟ್ಟೆ ಜೆಮ್‌ಗೆ ಆಗುತ್ತಿರಲಿಲ್ಲ. ಎಲ್ಲಾ ಹೊಸದೇ ಕೊಳ್ಳಬೇಕು. ಕಾರಿನ ಆಟಿಕೆಯೊಳಗೆ ನಿಜವಾಗಿ ಹಾಡುವ ಎಫ್‌ಎಂ ರೇಡಿಯೋ ಇತ್ತು.

[ತೆರೆಯ ಮೇಲೆ: ಆಟಿಕೆ ಕಾರು, ರೇಡಿಯೋ ಗೊರಗೊರ]

ಆದರೆ ಆನ್ ಮಾಡಿದರೆ ಜೆಮ್ ಹಾಡೇ ಬರಬೇಕಲ್ಲ? ಊಹೂಂ. ಆ ಊರಿನ ಸ್ಟೇಷನ್ ಏನು ಹಾಕಿದೆಯೋ ಅದು. ಹವಾಮಾನ ವರದಿ ಬಂದರೂ ಬಂದೀತು. ಜೆಮ್ ಹಾಡು ಬೇಕಿದ್ದವರು ಬೊಂಬೆಯ ಡಬ್ಬಿಯಲ್ಲಿ ಬಂದ ಕ್ಯಾಸೆಟ್ಟನ್ನು ಮನೆಯ ಟೇಪ್ ರೆಕಾರ್ಡರಿಗೆ ಹಾಕಿ, ಕಾರನ್ನು ಅದರ ಪಕ್ಕದಲ್ಲಿ ಓಡಿಸಬೇಕಿತ್ತು.