ಡೂಲ್ಯಾಲಿಗೆ ಹೋದ ಸಿಪಾಯಿ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನಲ್ಲಿ ಯಾರನ್ನಾದರೂ 'ಗಾನ್ ಡೂಲ್ಯಾಲಿ' ಅಂದರೆ, ಅವನಿಗೆ ತಲೆ ಕೆಟ್ಟಿದೆ ಅಂತ ಅರ್ಥ. ಡೂಲ್ಯಾಲಿ ಅನ್ನೋದು ಒಂದು ಊರಿನ ಹೆಸರು. ಆ ಊರು ಇರೋದು ಇಂಗ್ಲೆಂಡಿನಲ್ಲಲ್ಲ, ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ. ಮುಂಬೈಯಿಂದ ರೈಲಿನಲ್ಲಿ ಹೋಗುವಾಗ ನಾಸಿಕ್ ರೋಡ್‌ಗಿಂತ ಸ್ವಲ್ಪ ಮೊದಲು ಸಿಗುತ್ತೆ, ದೇವಳಾಲಿ. ಬ್ರಿಟಿಷರ ಬಾಯಲ್ಲಿ ಅದು ಡೂಲ್ಯಾಲಿ ಆಯಿತು.

ಅವರ ಕಾಲದಲ್ಲಿ ಅಲ್ಲಿ ದೊಡ್ಡ ಸೇನಾ ಶಿಬಿರವಿತ್ತು. ನೌಕರಿ ಮುಗಿಸಿದ ಗೋರಾ ಸಿಪಾಯಿಗಳನ್ನು ಅಲ್ಲಿಗೆ ಕಳಿಸುತ್ತಿದ್ದರು. ಮನೆಗೆ ಹೋಗುವ ಹಡಗು ಬರೋವರೆಗೂ ಕಾಯಬೇಕು. ಹಡಗುಗಳೋ ಚಳಿಗಾಲದ ತಿಂಗಳುಗಳಲ್ಲಿ ಮಾತ್ರ. ಬೇಸಿಗೆಗೆ ಮುಂಚಿನ ಕೊನೇ ಹಡಗು ತಪ್ಪಿತೋ, ಮಳೆಗಾಲ ಕಳೆಯೋವರೆಗೂ ಅಲ್ಲೇ. ಮಾಡೋಕೆ ಕೆಲಸವಿಲ್ಲ. ಸುಡುವ ಬಿಸಿಲು, ಜ್ವರ, ಕುಡಿತ. ಮನಸ್ಸೆಲ್ಲ ಊರಿನಲ್ಲಿ. ಆ ಅವಸ್ಥೆಗೆ ಸಿಪಾಯಿಗಳೇ 'ಡೂಲ್ಯಾಲಿ ಟ್ಯಾಪ್' ಅಂತ ಹೆಸರಿಟ್ಟರು. ಆ ಟ್ಯಾಪ್ ನೀರಿನ ನಲ್ಲಿಯಲ್ಲ. ಜ್ವರಕ್ಕೆ ಹೇಳುವ 'ತಾಪ' ಇದೆಯಲ್ಲ, ಅದು. ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ಹುಡುಗರು ನೆನಪಾಗುತ್ತಾರೆ. ನಗುನಗುತ್ತಾ ಆಡುವ ಮಾತಿನ ಹಿಂದೆ ಎಷ್ಟು ಸಂಕಟ ಇದೆ, ನೋಡಿ.

ಇಂಗ್ಲಿಷಿನ ಇಂಥ ಆಡುಮಾತುಗಳು ಕಷ್ಟ ಅಂತ ನಾವು ಹೆದರುತ್ತೇವೆ. ಆದರೆ ಸಿಪಾಯಿಗಳು ಇಲ್ಲಿಂದ ಹೊತ್ತುಕೊಂಡು ಹೋದ ಮಾತುಗಳು ಎಷ್ಟೋ ಇವೆ. ಅವನ್ನು ಕನ್ನಡದ ಕಿವಿ ತಕ್ಷಣ ಗುರುತು ಹಿಡಿಯುತ್ತೆ. ಒಂದೇ ಎಚ್ಚರ ಬೇಕು. ಅಲ್ಲಿಗೆ ಹೋದ ಮೇಲೆ ಅವುಗಳ ರುಚಿ ಬದಲಾಗಿದೆ.

'ಕುಷಿ ಜಾಬ್' ಅನ್ನೋದನ್ನೇ ತಗೊಳ್ಳಿ. ಇದು ನಮ್ಮ ಖುಷಿಯೇ. ವರ್ಷಗಳ ಹಿಂದೆ ಲಂಡನ್ನಿನಿಂದ ಬಂದ ಹಿರಿಯರೊಬ್ಬರಿಗೆ ನಾನು 'ನಿಮ್ಮದು ಕುಷಿ ಜಾಬ್' ಅಂದೆ. ನೀವು ಸಂತೋಷವಾಗಿ ಕೆಲಸ ಮಾಡ್ತೀರಿ ಅನ್ನೋದು ನನ್ನ ಮನಸ್ಸಿನಲ್ಲಿತ್ತು. ಅವರು ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು. ಮುಖ ಸಣ್ಣದಾಯಿತು. ಯಾಕೆಂದರೆ ಅಲ್ಲಿ ಆ ಮಾತಿಗೆ ಮೈ ಬಗ್ಗಿಸದೆ ಸಂಬಳ ಎಣಿಸುವ ಆರಾಮದ ನೌಕರಿ ಅಂತ ಅರ್ಥ. ಒಂದಿಷ್ಟು ಹೊಟ್ಟೆಕಿಚ್ಚೂ ಅದರಲ್ಲಿ ಸೇರಿದೆ. ಮೂರನೆಯವರ ಬಗ್ಗೆ ಸ್ನೇಹಿತರ ಹತ್ತಿರ ಹೇಳಬಹುದು. ಎದುರಿಗಿರುವವರಿಗೆ, ಅದರಲ್ಲೂ ಹಿರಿಯರಿಗೆ, ಬೇಡ. ಅವತ್ತು ನಾನು ಕ್ಷಮೆ ಕೇಳಿದೆ. ಅವರೇ ಕೂತು ಇದನ್ನೆಲ್ಲ ಬಿಡಿಸಿ ಹೇಳಿದರು.

'ಬ್ಲೈಟಿ' ಅಂದರೆ ಇಂಗ್ಲೆಂಡು. ಮೂಲ ನಮ್ಮ 'ವಿಲಾಯತಿ'. ನಾವು ಪರದೇಶದಿಂದ ಬಂದದ್ದಕ್ಕೆಲ್ಲ ಸೀಮೆ ಅಂತ ಸೇರಿಸಲಿಲ್ವಾ, ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ? ಉತ್ತರದವರು ಅದೇ ಥರ ವಿಲಾಯತಿ ಅಂದರು. ಅದನ್ನು ಕೇಳಿ ಕೇಳಿ ಸಿಪಾಯಿ ತನ್ನ ಊರನ್ನೇ ಹಾಗೆ ಕರೆದ. 1914ರಲ್ಲಿ ಶುರುವಾದ ಮೊದಲ ಮಹಾಯುದ್ಧದಲ್ಲಿ 'ಬ್ಲೈಟಿ ಗಾಯ' ಅಂತಲೇ ಒಂದು ಮಾತಿತ್ತು. ಜೀವ ಹೋಗಬಾರದು, ಆದರೆ ಮನೆಗೆ ವಾಪಸು ಕಳಿಸುವಷ್ಟು ದೊಡ್ಡದಿರಬೇಕು. ಕಂದಕದಲ್ಲಿ ಕೂತವನು ಅಂಥ ಗಾಯಕ್ಕೆ ಆಸೆಪಡುತ್ತಿದ್ದ.

'ಡೆಕೋ' ಅಂದರೆ 'ದೇಖೋ'. 'ಹ್ಯಾವ್ ಎ ಡೆಕೋ' ಅಂದರೆ ಒಂದ್ಸಲ ನೋಡು ಅಷ್ಟೆ. 'ಪಕ್ಕಾ' ಅಲ್ಲೂ ಪಕ್ಕಾನೇ. ಅಸಲಿಗೂ ಸರಿ, ಬಹಳ ಚೆನ್ನಾಗಿದೆ ಅನ್ನೋದಕ್ಕೂ ಸರಿ. ಜೇಮಿ ಆಲಿವರ್ ಅನ್ನುವ ಅಡುಗೆಯವರು ಟೀವಿಯಲ್ಲಿ ಊಟಕ್ಕೆಲ್ಲ ಪಕ್ಕಾ ಪಕ್ಕಾ ಅಂತ ಹೇಳಿ ಅದನ್ನು ಮತ್ತೆ ಚಾಲ್ತಿಗೆ ತಂದರು. ಪಕ್ಕಾ ಅಂದರೆ ಮೊದಲು ಬೆಂದದ್ದು, ಮಾಗಿದ್ದು ಅಂತಲೇ ತಾನೆ? ಅಡುಗೆಮನೆಯ ಮಾತು ಅಡುಗೆಮನೆಗೇ ಮರಳಿತು! 'ಚಿಟ್' ಅಂತೂ ನಮ್ಮ ಚೀಟಿ, ಬಿಡಿ.

ಇವೆಲ್ಲ ಬ್ರಿಟನ್ನಿನ ಮಾತುಗಳು. ಅಮೆರಿಕದಲ್ಲಿರುವ ಮಗನೋ ಮಗಳೋ ಅಲ್ಲಿಯ ಆಫೀಸಿನಲ್ಲಿ ಡೆಕೋ, ಡೂಲ್ಯಾಲಿ ಅಂದರೆ ಜಾಸ್ತಿ ಜನಕ್ಕೆ ಅರ್ಥವಾಗೋದಿಲ್ಲ. ಇನ್ನೊಂದು ಮಾತು. ನಿಜವಾಗಿ ಮನಸ್ಸಿನ ಕಾಯಿಲೆ ಇರುವವರಿಗೆ ಡೂಲ್ಯಾಲಿ ಅನ್ನಬೇಡಿ, ನೋವಾಗುತ್ತೆ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಗೆಳೆಯನಿಗೆ, ಬೇಕಾದರೆ ಹೇಳಿ.

ನಮಸ್ಕಾರ.