ಕೇಳಿ, ಆಮೇಲೆ ಕಾಲಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಶನಿವಾರವೋ ಭಾನುವಾರವೋ ಯಲ್ಲಾಪುರದ ಕಡೆ ಹೊರಡೋಣ ಅಂತ ನಿಮ್ಮ ಮನೆಯಲ್ಲಿ ಮಾತು ನಡೆದಿದ್ದರೆ, ಹತ್ತು ನಿಮಿಷ ಕೈಕೆಲಸ ಬಿಟ್ಟು ಇಲ್ಲಿ ಕಿವಿಗೊಡಿ. ಹುಬ್ಬಳ್ಳಿಯಿಂದ ಕಲಘಟಗಿ, ಕಿರವತ್ತಿ ದಾಟಿ ಸುಮಾರು 70 ಕಿಲೋಮೀಟರ್ ಹೋದರೆ ಯಲ್ಲಾಪುರ. ಅಲ್ಲಿಂದ ಮಾಗೋಡು ಜಲಪಾತಕ್ಕೆ 20 ಕಿಲೋಮೀಟರ್ ಒಳಗೇ. ಆ ಕಡೆಗೇ ಕವಡಿಕೆರೆ, ಜೇನುಕಲ್ಲು ಗುಡ್ಡ. ಬೇರೊಂದು ದಿಕ್ಕಿಗೆ 30 ಕಿಲೋಮೀಟರ್ ಮೇಲ್ಪಟ್ಟು ಹೋದರೆ ಸಾತೊಡ್ಡಿ ಜಲಪಾತ. ನಡುನಡುವೆ ಅಡಿಕೆ ತೋಟದ ಪುಟ್ಟ ಊರುಗಳು, ನಾಲ್ಕು ಮನೆ ಇಲ್ಲಿ, ಎರಡು ಮನೆ ಅಲ್ಲಿ. ಗುಡ್ಡ, ಕೆರೆ, ಅಬ್ಬಿ (ಜಲಪಾತ) ಮೂರನ್ನೂ ಒಂದೇ ದಿನದಲ್ಲಿ ನೋಡಿಬರುವ ಸೀಮೆ ನಿಮ್ಮ ಮನೆಯಿಂದ ಎರಡು ತಾಸಿನ ದಾರಿ. ಅದು ನಿಮ್ಮ ಭಾಗ್ಯ, ಹೋಗಲೇಬೇಕು.

ಹೋಗುವವರಿಗೆ ಇವತ್ತು ನಾನು ಹೇಳುವುದು ಒಂದೇ ಮಾತು. ಕೇಳಿ, ಆಮೇಲೆ ಕಾಲಿಡಿ. ಯಾರನ್ನು ಕೇಳುವುದು? ಆ ಊರಿನವರನ್ನು. ಮೊಬೈಲಿನ ನಕ್ಷೆ ದಾರಿ ತೋರಿಸುತ್ತದೆ. ಹಳ್ಳದಲ್ಲಿ ಇವತ್ತು ನೀರು ಎಷ್ಟಿದೆ ಎನ್ನುವುದು ಅದಕ್ಕೆ ತಿಳಿಯದು. ಯಲ್ಲಾಪುರ ಪೇಟೆ ಬಿಟ್ಟ ಮೇಲೆ ಬಹಳ ಕಡೆ ಸಿಗ್ನಲ್ಲೂ ಸಿಗದು.

ಮಾಗೋಡಿನಲ್ಲಿ ಬೀಳುವ ನೀರು ಎಲ್ಲಿಯದು ಗೊತ್ತೇ? ಧಾರವಾಡ, ಹುಬ್ಬಳ್ಳಿಯವರೇ, ಅದು ನಿಮ್ಮ ಊರಿನ ನೀರು. ನಿಮ್ಮ ಕಡೆ ಹುಟ್ಟಿದ ಹಳ್ಳಗಳು ಕಲಘಟಗಿ ಹಾದು, ಬೇಡ್ತಿ ಹೊಳೆಯಾಗಿ ಕಾಡು ಹೊಕ್ಕು, ಮಾಗೋಡಿನಲ್ಲಿ ಎರಡು ಹಂತವಾಗಿ ಸುಮಾರು 200 ಮೀಟರ್ ಆಳಕ್ಕೆ ಧುಮುಕುತ್ತವೆ. ಮುಂದೆ ಗಂಗಾವಳಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತವೆ. ಹಾಗಾಗಿ ಮಾಗೋಡಿನಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆ ಏರಬಹುದು. ನಿನ್ನೆ ಸಂಜೆ ನಿಮ್ಮ ಓಣಿಯಲ್ಲಿ ಸುರಿದ ಮಳೆ ಇವತ್ತು ಅಲ್ಲಿಗೆ ಬರುತ್ತದೆ. ಜೋಗಕ್ಕಾದರೆ ಮೇಲುಗಡೆ ಲಿಂಗನಮಕ್ಕಿ ಇದೆ, ನೀರು ಹಿಡಿದಿಡುತ್ತದೆ. ಬೇಡ್ತಿಗೆ ಅಂಥ ದೊಡ್ಡ ಅಣೆಕಟ್ಟು ಇಲ್ಲ. ಕಟ್ಟಬೇಕೆಂದು ಹೊರಟ ಯೋಜನೆಯನ್ನು ಆ ಸೀಮೆಯ ಜನ ಹೋರಾಡಿ ನಿಲ್ಲಿಸಿದರು. ಅದರಿಂದಲೇ ಆ ಕಾಡು, ಆ ತೋಟ ಇವತ್ತಿಗೂ ಇವೆ. ತಡೆಯಿಲ್ಲದ ಹೊಳೆ ಸೈರನ್ ಊದಿ ಬರುವುದಿಲ್ಲ. ಮೇಲೆ ಮಳೆಯಾಗಿದೆಯೇ ಎಂದು ನೀವೇ ಕೇಳಬೇಕು.

ಸಾತೊಡ್ಡಿಯ ಲೆಕ್ಕ ಬೇರೆ. ಅಲ್ಲಿ ಕಾಡಿನ ಕಿರುಹಳ್ಳಗಳು ಕೂಡಿ ಸುಮಾರು 15 ಮೀಟರ್ ಎತ್ತರದಿಂದ ಬೀಳುತ್ತವೆ, ಮುಂದೆ ಹರಿದು ಕಾಳಿ ನದಿಯ ಕೊಡಸಳ್ಳಿ ಹಿನ್ನೀರು ಸೇರುತ್ತವೆ. ಇದು ಹತ್ತಿರದ ನೀರು. ಹಿಂದಿನ ಗುಡ್ಡದ ಮೇಲೆ ಅರ್ಧ ತಾಸು ಜಡಿಮಳೆ ಹೊಡೆದರೆ ಸಾಕು, ಹಳ್ಳ ಏರಿಬಿಡುತ್ತದೆ. ಎರಡು ತಾಸಿನಲ್ಲಿ ಇಳಿಯಲೂಬಹುದು. ದೊಡ್ಡ ಹೊಳೆ ದೂರದ ಮಳೆಗೆ ನಿಧಾನ ಏರುತ್ತದೆ, ನಿಧಾನ ಇಳಿಯುತ್ತದೆ. ಸಣ್ಣ ಹಳ್ಳ ಪಕ್ಕದ ಮಳೆಗೆ ಕಣ್ಣೆದುರೇ ಏರುತ್ತದೆ. ಇಷ್ಟು ನೆನಪಿಟ್ಟರೆ ಅರ್ಧ ಅಪಾಯ ಕಳೆದಂತೆ.

ಇದಕ್ಕೊಂದು ಪ್ರಸಂಗ ಹೇಳುತ್ತೇನೆ, ಪೂರ್ತಿ ಕೇಳಿ. ಅಕ್ಟೋಬರಿನ ಒಂದು ಮಧ್ಯಾಹ್ನ. ಬಯಲುಸೀಮೆಯಿಂದ ಬಂದ ಒಂದು ಕುಟುಂಬ, ಏಳು ಜನ, ಅಬ್ಬಿಯ ಕೆಳಗೆ ಹಳ್ಳದ ನಡುವಿನ ಹಾಸುಬಂಡೆಯ ಮೇಲೆ ಊಟಕ್ಕೆ ಕುಳಿತಿದ್ದಾರೆ. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಿಚ್ಚಿಟ್ಟಾಗಿದೆ. ಮಕ್ಕಳು ಪಾದ ಮುಳುಗುವ ನೀರಿನಲ್ಲಿ ಆಡುತ್ತಿವೆ. ಮೇಲೆ ನೀಲಿ ಆಕಾಶ. ತೋಟದಿಂದ ಬರುತ್ತಿದ್ದ ಹಿರಿಯರೊಬ್ಬರು ದಡದಲ್ಲಿ ನಿಂತು ನೀರು ನೋಡಿದರು. ಆಮೇಲೆ ಕೂಗಿದರು, “ತಮಾ, ಬುತ್ತಿ ಎತ್ಕಂಡು ಮೇಲೆ ಬನ್ನಿ. ಹಳ್ಳ ಬರ್ತಾ ಇದ್ದು.” ಮನೆಯ ಯಜಮಾನರು ಕುಳಿತಲ್ಲಿಂದಲೇ ಹೇಳಿದರು, “ಬಿಸಲ ಬಿದ್ದೈತಲ್ರೀ ಅಜ್ಜಾರ, ಮಳಿ ಎಲ್ಲೈತ್ರಿ?”

ಹಿರಿಯರು ವಾದ ಮಾಡಲಿಲ್ಲ. ದಡದ ಒಂದು ಕಲ್ಲು ತೋರಿಸಿ ಅದನ್ನೇ ನೋಡುತ್ತಿರಿ ಎಂದರು. ಕಲ್ಲಿನ ಒದ್ದೆ ಗೆರೆ ಆಗಲೇ ನಾಲ್ಕು ಬೆರಳು ಮೇಲೆ ಬಂದಿತ್ತು. ಆಮೇಲೆ ನೀರು ತೋರಿಸಿದರು. ಸ್ವಚ್ಛವಾಗಿದ್ದ ನೀರು ಚಹದ ಬಣ್ಣಕ್ಕೆ ತಿರುಗುತ್ತಿತ್ತು. ತರಗೆಲೆ, ಕಡ್ಡಿ, ನೊರೆ ಗುಂಪುಗುಂಪಾಗಿ ತೇಲಿ ಬರುತ್ತಿದ್ದವು. ದಡದ ಒಣ ಎಲೆ ಹೊಳೆಗೆ ತಾನಾಗಿ ಇಳಿಯುವುದಿಲ್ಲ, ಏರಿದ ನೀರು ಅದನ್ನು ಎತ್ತಿಕೊಂಡು ಬರುತ್ತದೆ. ಮೊದಲು ಎಲೆ, ಆಮೇಲೆ ಕಡ್ಡಿ, ಆಮೇಲೆ ಕೊಂಬೆ. ಅಬ್ಬಿಯ ಸದ್ದೂ ಬದಲಾಗಿತ್ತು. ತೆಳ್ಳಗೆ ಸುರಿಯುವ ಸದ್ದು ಹೋಗಿ ಒಳಗಿನಿಂದ ಗುಡುಗಿದಂತೆ ದಪ್ಪ ಸದ್ದು. ಆ ಮನೆಯ ಅಜ್ಜಿಗೆ ಮೊದಲು ಅರ್ಥವಾಯಿತು. ಅವರು ಮೊಮ್ಮಕ್ಕಳ ಕೈ ಹಿಡಿದು ನಡೆದೇಬಿಟ್ಟರು. ಉಳಿದವರು ಡಬ್ಬಿ, ಚಾಪೆ, ಚಪ್ಪಲಿ ಹುಡುಕುತ್ತ ಐದು ನಿಮಿಷ ಕಳೆದರು. ಬರುವಾಗ ಪಾದ ಮುಳುಗಿದ್ದ ನೀರು ಹಿಂದೆ ದಾಟುವಾಗ ಮೊಣಕಾಲಿಗೆ ಬಂದಿತ್ತು. ಹಿರಿಯರು ದಡದಿಂದ ಉದ್ದದ ಗಳ ಚಾಚಿದರು, ಒಬ್ಬೊಬ್ಬರಾಗಿ ಹಿಡಿದು ಬಂದರು. ಎಲ್ಲರೂ ದಡ ಹತ್ತಿ ಸ್ವಲ್ಪ ಹೊತ್ತಿಗೆ ಹಾಸುಬಂಡೆ ಕಾಣಿಸಲಿಲ್ಲ. ಮೊಸರಿನ ಡಬ್ಬಿ ತೇಲಿ ಹೋಯಿತು. ಡಬ್ಬಿಯಷ್ಟೇ ಹೋಯಿತು.

ಮೊಣಕಾಲುದ್ದದ ನೀರಿಗೆ ಏನು ಹೆದರಿಕೆ ಎನ್ನಬೇಡಿ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲಿಗೆ ಕೊಡುವ ಹೊಡೆತ ನಾಲ್ಕು ಪಟ್ಟು. ವೇಗ ಮೂರು ಪಟ್ಟಾದರೆ ಒಂಬತ್ತು ಪಟ್ಟು. ಮೊಣಕಾಲಿನವರೆಗಿನ ರಭಸದ ನೀರು ಗಟ್ಟಿ ಆಳನ್ನೂ ಕೆಡವುತ್ತದೆ. ಬಿದ್ದವರ ಕಾಲು ಎರಡು ಕಲ್ಲಿನ ಸಂದಿಗೆ ಸಿಕ್ಕರೆ ಮತ್ತೆ ಏಳಲಾಗದು. ಅಬ್ಬಿಯ ಬುಡದ ಗುಂಡಿಯಂತೂ ಈಜು ಬಲ್ಲವರಿಗೂ ಅಲ್ಲ. ಬಿಳಿ ನೊರೆಯ ನೀರಿನಲ್ಲಿ ಗಾಳಿ ತುಂಬಿರುತ್ತದೆ, ಅದು ಮೈಯನ್ನು ಎತ್ತಿ ಹಿಡಿಯುವುದಿಲ್ಲ, ಎಷ್ಟು ಕೈ ಬಡಿದರೂ ತೇಲುವುದು ಕಷ್ಟ. ಸ್ನಾನ ಮಾಡಲೇಬೇಕೇ? ಕೇಳಿ. ಈ ವಾರ ಎಲ್ಲಿಯವರೆಗೆ ಇಳಿಯಬಹುದು ಎಂದು ಊರಿನವರು ಕಲ್ಲು ತೋರಿಸಿ ಹೇಳುತ್ತಾರೆ. ಆ ಕಲ್ಲು ದಾಟಬೇಡಿ. ಒದ್ದೆಯಾಗಿ ಕಪ್ಪಗೆ ಕಾಣುವ ಬಂಡೆಯ ಮೇಲೆ ಹಾವಸೆ ಇರುತ್ತದೆ, ಎಣ್ಣೆ ಸವರಿದ ಹಾಗೆ. ಅದರ ಮೇಲೆ ಯಾವ ಬೂಟೂ ನಿಲ್ಲದು. ಫೋಟೊ ತೆಗೆಯಲು ಹಿಂದೆ ಹಿಂದೆ ಹೆಜ್ಜೆ ಇಡುವುದನ್ನು ದಯವಿಟ್ಟು ಬಿಡಿ. ಮಾಗೋಡನ್ನು ಎದುರಿನ ವೀಕ್ಷಣಾ ಸ್ಥಳದ ಕಟಕಟೆಯ ಒಳಗೇ ನಿಂತು ನೋಡಿ. ಅದರಾಚೆ ನೇರ ಪ್ರಪಾತ. ಕಟಕಟೆ ಹತ್ತಿ ಕೂರುವವರನ್ನು ಕಂಡರೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಪ್ರಸಂಗ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಯಾವಾಗ ಹೋಗಬೇಕು? ಜುಲೈ, ಆಗಸ್ಟಿನಲ್ಲಿ ಮಾಗೋಡಿಗೆ ಹೋದರೆ ಎಷ್ಟೋ ದಿನ ಮಂಜು ಮುಚ್ಚಿ ಸದ್ದು ಮಾತ್ರ ಕೇಳುತ್ತದೆ. ಅಕ್ಟೋಬರಿನಿಂದ ಡಿಸೆಂಬರ್ ಒಳ್ಳೆಯದು. ಫೆಬ್ರುವರಿಯ ಮೇಲೆ ನೀರು ಸೊರಗುತ್ತದೆ. ಜೋರು ಮಳೆಗಾಲದಲ್ಲಿ ಗುಡ್ಡದ ಸೀಮೆಗೆ ಹೋಗಲೇಬೇಡಿ. 2021ರ ಜುಲೈ ಮಳೆಗೆ ಅದೇ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹೋದವು. ಅದೇ ಮಳೆಗೆ ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆ ಕೊಚ್ಚಿಹೋಯಿತು. ನೆಲದಲ್ಲಿ ಹೊಸ ಬಿರುಕು, ಓರೆಯಾದ ಮರ, ಇದ್ದಕ್ಕಿದ್ದಂತೆ ಕೆಸರಾದ ಒರತೆ ಕಂಡರೆ ಕಾರು ತಿರುಗಿಸಿ.

ಊರೊಳಗೆ ಹಳ್ಳ ದಾಟಲು ಸಂಕ ಇರುತ್ತದೆ, ಎರಡು ಮೂರು ಮರದ ದಿಮ್ಮಿ ಹಾಸಿದ ಕಾಲುದಾರಿ. ಒಂದು ಸಲಕ್ಕೆ ಒಬ್ಬರೇ ದಾಟಿ. ನೀರು ಸಂಕವನ್ನು ಮುಟ್ಟುತ್ತಿದ್ದರೆ ದಾಟಬೇಡಿ, ಅದರಡಿ ಯಾವ ಕೊಂಬೆ ಬಂದು ಬಡಿಯುತ್ತದೋ ಮೇಲಿದ್ದವರಿಗೆ ಕಾಣುವುದಿಲ್ಲ. ಕವಡಿಕೆರೆ ದಡದಲ್ಲಿ ಕೂತು ನೋಡುವ ಕೆರೆ, ನಿಶ್ಶಬ್ದವಾಗಿ ಕೂತರೆ ಹಕ್ಕಿಗಳು ತಾವಾಗಿ ಕಾಣಿಸಿಕೊಳ್ಳುತ್ತವೆ. ಕೆರೆಗೆ ಇಳಿಯಬೇಡಿ. ಕೆಳಗೆ ಹೂಳು, ಬಳ್ಳಿ, ಕಾಲು ಕಿತ್ತರೆ ಬರುವುದಿಲ್ಲ. ಜೇನುಕಲ್ಲು ಗುಡ್ಡದಲ್ಲಿ ಸಂಜೆ ಬಹಳ ಚೆಂದ. ಆದರೆ ಬಯಲಿನಲ್ಲಿ ಹೊತ್ತು ಮುಳುಗಿದ ಮೇಲೂ ಇರುವ ಬೆಳಕು ಕಾಡುದಾರಿಯಲ್ಲಿ ಇರುವುದಿಲ್ಲ. ಬ್ಯಾಟರಿ ಇರಲಿ, ಪೆಟ್ರೋಲ್ ಯಲ್ಲಾಪುರದಲ್ಲೇ ತುಂಬಿಸಿ. ಸಾತೊಡ್ಡಿಯಿಂದಂತೂ ಸಂಜೆ 4ಕ್ಕೇ ಹೊರಡಿ.

ಊಟ ಬೇಕಾದರೆ ಹಿಂದಿನ ದಿನವೇ ಹೇಳಿಡಿ. ಹತ್ತು ಜನ ಒಮ್ಮೆಲೇ ಬಂದು ನಿಂತರೆ ತೋಟದ ಮನೆಯವರು ಎಲ್ಲಿಂದ ತರಬೇಕು? ಮೊದಲೇ ತಿಳಿಸಿದವರಿಗೆ ತಂಬುಳಿ, ಅಪ್ಪೆಹುಳಿ ಸಿಗುತ್ತದೆ. ನವೆಂಬರಿನ ನಂತರ ಅಂಗಳ, ಅಟ್ಟದ ತುಂಬ ಅಡಿಕೆ ಒಣಗಲು ಹರವಿರುತ್ತಾರೆ. ಅದು ವರ್ಷದ ದುಡಿಮೆ, ತುಳಿಯಬೇಡಿ, ಕಾರು ಹತ್ತಿಸಬೇಡಿ. ತೋಟದ ಮೇಲ್ಗಡೆಯ ಸೊಪ್ಪಿನ ಬೆಟ್ಟ ಬೀಳುಬಿಟ್ಟ ಜಾಗದಂತೆ ಕಾಣಬಹುದು, ಆದರೆ ತೋಟಕ್ಕೆ ಗೊಬ್ಬರ, ಕೊಟ್ಟಿಗೆಗೆ ಸೊಪ್ಪು ಬರುವುದು ಅಲ್ಲಿಂದ. ಅಲ್ಲಿ ಒಲೆ ಹೂಡಿದರೆ ಒಂದು ಕಿಡಿಗೆ ಎಲ್ಲ ಹೋಗುತ್ತದೆ. ಸಿದ್ದಿಗಳ ಕೇರಿ, ದನ ಸಾಕುವ ಗೌಳಿಗರ ದಡ್ಡಿ ಕಂಡ ಕೂಡಲೇ ಮೊಬೈಲ್ ಎತ್ತಬೇಡಿ. ಅಲ್ಲಿಯೂ ಅದೇ, ಕೇಳಿ, ಆಮೇಲೆ ಕಾಲಿಡಿ.

ಉಂಬಳದ, ಅಂದರೆ ಕಾಡಿನ ಜಿಗಣೆಯ ಬಗ್ಗೆ ಎಲ್ಲರೂ ಹೆದರುತ್ತಾರೆ, ಅಷ್ಟು ಹೆದರಬೇಕಾಗಿಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಹೊರಗಿನಿಂದ ಸುಣ್ಣ ಬೆರೆಸಿದ ಹೊಗೆಸೊಪ್ಪಿನ ಪುಡಿ ಉಜ್ಜಿಕೊಳ್ಳಿ. ಕಚ್ಚಿದರೆ ಉಗುರಿನಿಂದ ಮೆಲ್ಲಗೆ ಬದಿಗೆ ಸರಿಸಿ ಬಿಡಿಸಿ, ಎಳೆಯಬೇಡಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಬಿಟ್ಟ ಮೇಲೂ ರಕ್ತ ಸೋರುತ್ತದೆ. ತೊಳೆದು, ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ.

ನಿಜವಾಗಿ ಎಚ್ಚರ ಬೇಕಾದದ್ದು ಉಣುಗಿಗೆ, ಅಂದರೆ ಉಣ್ಣಿಗೆ, ಡಿಸೆಂಬರಿನಿಂದ ಮೇವರೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಇದೇ. ಉತ್ತರ ಕನ್ನಡದಲ್ಲೂ ಆ ಕಾಯಿಲೆ ಕಾಣಿಸಿಕೊಂಡಿದೆ. ತರಗೆಲೆಯ ಮೇಲೆ ಮಲಗಬೇಡಿ, ಕೂರುವುದಾದರೆ ಕಲ್ಲಿನ ಮೇಲೆ ಕೂರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮಕ್ಕಳ ಕಂಕುಳು, ಕಿವಿ ಹಿಂದೆ, ಸೊಂಟದ ಪಟ್ಟಿಯ ಜಾಗ ನೋಡಿ. ಕಾಡಿಗೆ ಹೋಗಿ ಬಂದ ಎಂಟು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಆ ದಿನವೇ ದವಾಖಾನೆಗೆ ಹೋಗಿ. ಯಲ್ಲಾಪುರದ ಕಾಡಿಗೆ ಹೋಗಿದ್ದೆವು ಎಂದು ವೈದ್ಯರಿಗೆ ನೀವಾಗಿಯೇ ಹೇಳಿ. ಅವರು ಕೇಳುವವರೆಗೆ ಕಾಯಬೇಡಿ.

ಹೊತ್ತಾಯಿತು. ನಮಸ್ಕಾರ.